ವಾಡಿ ಜಂಕ್ಷನ್ನಿನಲ್ಲಿ ಶಾರ್ಟ್ ಸರ್ಕ್ಯೂಟ್

ತಾರ್ನಾಕ,
೨ ಏಪ್ರಿಲ್ ೨೦೨೫

ಶ್ರೀ ಹಣಮಂತರಾಯರಿಗೆ,

ನಾವು ಇಲ್ಲಿ ಚೆನ್ನಾಗಿಲ್ಲ, ಅದಕ್ಕೆ ಕಾರಣ ನೀವು. ಭಾವ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಹೆಸರು ಬರೆದಿದ್ದೇನೆ. ನನ್ನ ಫೋನ್ ನಂಬರನ್ನು ನೀವು ಬ್ಲಾಕ್ ಮಾಡಿರುವುದರಿಂದ ಈ ಪತ್ರವನ್ನು ರಿಜಿಸ್ಟರ್ ಮಾಡಿಸಿ ಕಳಿಸುತ್ತಿದ್ದೇನೆ. ನಾಳೆ ನನಗೆ ಬಂದೇ ಇಲ್ಲ ಎನ್ನಬಾರದು ನೋಡಿ.

ಯುಗಾದಿಯ ದಿನ ಬೇಗಂಪೇಟೆಯಲ್ಲಿ ನಮ್ಮ ಕನ್ನಡ ಸಂಘದ ಹಾಲಿನಲ್ಲಿ ನಡೆದದ್ದನ್ನು ನಾನೂ ವಿಜಯಶ್ರೀಯೂ ಹಿಂದಿನ ಸಾಲಿನಲ್ಲಿ ಕೂತು ನೋಡಿದೆವು. ನಿಮ್ಮ ಕುಷಾಯಿಗೂಡದ ಮನೆಯ ಮೇಲಿನ ಕೋಣೆಯಲ್ಲಿ ನೀವೂ ನಾನೂ ವರ್ಷಗಟ್ಟಲೆ ಕೂತು ಹಲಗೆಯ ಮೇಲೆ ಕಟ್ಟಿದ, ಆಟಿಕೆ ರೈಲಿನ ಪುಟ್ಟ ವಾಡಿ ಜಂಕ್ಷನ್ ಅದು. ಎರಡು ಸುತ್ತಿನ ಹಳಿ, ಸುತ್ತಿಗೊಂದು ಕಂಟ್ರೋಲರ್. ಎರಡು ರೈಲುಗಳು ಎದುರುಬದುರಾಗಿ ಬಂದು ಪ್ಲಾಟ್‌ಫಾರ್ಮಿನ ಅಕ್ಕಪಕ್ಕ ದಾಟಿಹೋಗುವುದನ್ನು ನೋಡಲೆಂದೇ ಜನ ಮುಂದೆ ಮುಂದೆ ಕುರ್ಚಿ ಎಳೆದುಕೊಂಡಿದ್ದರು. ಮೊದಲ ರೈಲು ಹೊರಟಿತು, ಚಪ್ಪಾಳೆ ಬಿತ್ತು. ಎರಡನೆಯದನ್ನು ಎದುರು ದಿಕ್ಕಿಗೆ ಬಿಟ್ಟಿರಿ. ಎರಡೂ ಗಪ್ಪನೆ ನಿಂತವು, ಕಂಟ್ರೋಲರಿನಿಂದ ಹೊಗೆ ಎದ್ದಿತು, ಮಕ್ಕಳು ನಕ್ಕರು.

ನಗುವ ಮಕ್ಕಳ ಮುಂದೆ ನೀವೂ ನಕ್ಕಿದ್ದರೆ ಮುಗಿದುಹೋಗುತ್ತಿತ್ತು. ನೀವು ಮೈಕ್ ಹಿಡಿದಿರಿ. "ನನ್ನ ಭಾವಮೈದ ಜಗಳಾ ಮಾಡಿ ಹೋಗೋ ಮುಂದ ಇದರಾಗ ಕೈಯಾಡಿಸಿ ಕೆಡಿಸಿಟ್ಟು ಹೋಗ್ಯಾನ್ರಿ. ನಾಲ್ಕ ಮಂದ್ಯಾಗ ನನ್ನ ಮಾನ ಕಳೀಬೇಕಂತ ಕಾಯ್ಕೋತ ಇದ್ದಾ" ಎಂದಿರಿ. ಇಡೀ ಸಭೆ ತಿರುಗಿ ನನ್ನನ್ನು ನೋಡಿತು. ಗಂಡನಿಗಾದ ಅವಮಾನ ನೋಡಲಾಗದೆ ವಿಜಯಶ್ರೀ ಊಟಕ್ಕೂ ನಿಲ್ಲದೆ ಎದ್ದು ಹೊರಟಳು.

ನಾನು ಏನು ಕೆಡಿಸಿದ್ದೇನೆ? ದೀಪಾವಳಿಯಲ್ಲಿ, ಈ ಹಳೆಯ ಕಂಟ್ರೋಲರ್ ಬಿಟ್ಟು ಡಿಜಿಟಲ್ ಹಾಕೋಣ ಎಂದೆ. "ನಾ ಕೈಲೆ ಮಾಡಿದ್ದು ನಿನಗ ಕಸಾ ಆತೇನು" ಎಂದು ಕೂಗಾಡಿ ಬಿಸಿ ಸೋಲ್ಡರಿಂಗ್ ಕಡ್ಡಿಯನ್ನು ನೆಲಕ್ಕೆ ಒಗೆದವರು ನೀವು. ನಾನು ತಂದು ಹಾಕಿದ್ದ ಟ್ರಾನ್ಸ್‌ಫಾರ್ಮರನ್ನು ನಾನು ಎತ್ತಿಕೊಂಡು ಬಂದೆ. ಅದರ ಹೊರತು ಒಂದು ತಿರುಪನ್ನೂ ಮುಟ್ಟಿಲ್ಲ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಜನ್ಮ ಕಳೆದವನು ನಾನು. ತಂತಿ ಕೆಡಿಸಿಟ್ಟು ಹೋಗುವುದು ನಮ್ಮಲ್ಲಿ ಸಣ್ಣ ಬೈಗುಳವಲ್ಲ.

ಯಾವ ಜನರ ಮುಂದೆ ಆಡಿದಿರೋ ಅದೇ ಜನರ ಮುಂದೆ ಮಾತನ್ನು ವಾಪಸ್ ತೆಗೆದುಕೊಳ್ಳಿ. ನನಗೆ ಬೇರೆ ಏನೂ ಬೇಡ.

ಇಂತಿ,
ಶಿವಪ್ರಕಾಶ


ಕುಷಾಯಿಗೂಡ,
೯ ಏಪ್ರಿಲ್ ೨೦೨೫

ಶಿವಪ್ರಕಾಶನಿಗೆ,

ನಿನ್ನ ಪತ್ರಕ್ಕೆ ಸಹಿ ಹಾಕಿದವಳು ನಿನ್ನ ಅಕ್ಕ. ನಾನು ಬಾಗಿಲಿಗೆ ಹೋಗಿದ್ದರೆ ಪೋಸ್ಟ್‌ಮ್ಯಾನನ ಕೈಯಲ್ಲೇ ವಾಪಸ್ ಕೊಟ್ಟು ಕಳಿಸುತ್ತಿದ್ದೆ.

ಮಾತು ವಾಪಸ್ ತೆಗೆದುಕೊಳ್ಳಬೇಕಂತೆ. ಯಾಕೆ ತೆಗೆದುಕೊಳ್ಳಲಿ? ನೀನು ಇದ್ದಷ್ಟು ದಿನ ಆ ಎರಡು ರೈಲುಗಳು ಎದುರುಬದುರು ಓಡಿದವು. ನೀನು ಎದ್ದು ಹೋದೆ, ಓಡುವುದಿಲ್ಲ. ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ನಾವು ಕಲಿತದ್ದು ಇಷ್ಟೇ: ನಿನ್ನೆ ಕೆಲಸ ಮಾಡಿದ್ದು ಇವತ್ತು ಮಾಡದಿದ್ದರೆ, ನಡುವೆ ಯಾರು ಕೈ ಹಾಕಿದರು ಎಂದು ಕೇಳು. ಕೈ ಹಾಕಿದವನು ನೀನೊಬ್ಬನೇ. ಆ ಕಂಟ್ರೋಲರುಗಳನ್ನು ಒಂದೊಂದು ಬಿಡಿಭಾಗ ಅಳೆದು ನೋಡಿ ನಾನು ಕೂಡಿಸಿದ್ದೇನೆ. ನಿನಗೆ ಅವು ಹಳೆಯವಾಗಿ ಕಂಡವು, ಮಾರ್ಕೆಟ್ಟಿನ ಥಳುಕಿನ ಮಾಲು ಬೇಕಾಯಿತು. ನಾನು ಒಪ್ಪಲಿಲ್ಲ. ಹೋಗುವಾಗ ಸೇಡು ತೀರಿಸಿಕೊಂಡೆ.

ಇನ್ನೊಂದು ಮಾತು. ಏನು ಮಾಡಿಟ್ಟು ಹೋಗಿದ್ದೀಯೋ ಅದನ್ನು ಕಾಗದದ ಮೇಲೆ ಬರೆದು ಸಹಿ ಹಾಕಿ ಕಳಿಸುವ ತನಕ ನನ್ನ ಮನೆಯ ಗೇಟು ದಾಟಬೇಡ. ಪಂಚಮಿ ಹಬ್ಬಕ್ಕೆ ಅಕ್ಕನನ್ನು ಕರೆಯಲು ಬರುವ ನೆಪವನ್ನೂ ಹೇಳಬೇಡ. ವರ್ಷವರ್ಷ ಆಟೋ ಮಾಡಿಕೊಂಡು, ಖಣ ಉಂಡಿ ಹಿಡಿದುಕೊಂಡು, ದೊಡ್ಡ ತವರಿನವನ ಹಾಗೆ ಬರುತ್ತಿದ್ದೆಯಲ್ಲ, ಈ ವರ್ಷ ಆ ನಾಟಕ ಬಂದ್.

ಹಣಮಂತರಾಯ


ತಾರ್ನಾಕ,
೨೧ ಏಪ್ರಿಲ್ ೨೦೨೫

ಶ್ರೀ ಹಣಮಂತರಾಯರಿಗೆ,

ಪಂಚಮಿಗೆ ಇನ್ನೂ ಮೂರು ತಿಂಗಳಿದೆ. ಅಷ್ಟರೊಳಗೆ ನಿಮ್ಮ ತಲೆಗೆ ಬೆಳಕು ಬೀಳಲಿ ಎಂದು ಎರಡು ಪ್ರಶ್ನೆ ಕೇಳುತ್ತೇನೆ. ಇದನ್ನು ಸಹಾಯ ಎಂದುಕೊಳ್ಳಬೇಡಿ, ವಿಚಾರಣೆ ಎಂದುಕೊಳ್ಳಿ.

ಸುಟ್ಟದ್ದು ಯಾವ ಕಂಟ್ರೋಲರ್? ಮುಂದಕ್ಕೆ ಓಡುತ್ತಿದ್ದ ರೈಲಿನದೋ, ಹಿಂದಕ್ಕೆ ಬಿಟ್ಟದ್ದರದೋ? ಎರಡನ್ನೂ ಒಂದೇ ದಿಕ್ಕಿಗೆ ಬಿಟ್ಟು ನೋಡಿದ್ದೀರಾ? ಟೆಸ್ಟಿಂಗ್ ವಿಭಾಗದಿಂದ ನಿವೃತ್ತರಾದವರಿಗೆ ಇಷ್ಟನ್ನು ನಾನು ಹೇಳಿಕೊಡಬೇಕಾಗಿ ಬಂದದ್ದು ನನ್ನ ಹಣೆಬರಹ. ಮೀಟರ್ ಹಿಡಿಯುವ ಮೊದಲು ಮೈಕ್ ಹಿಡಿದರೆ ಹೀಗೇ ಆಗುವುದು.

ಅಕ್ಕನ ವಿಷಯ. ಪಂಚಮಿಗೆ ಅಕ್ಕನನ್ನು ಕರೆಯುವುದು ನಾಟಕವಲ್ಲ. ಅಪ್ಪ ಹೋದ ಮೇಲೆ ಒಂದು ವರ್ಷವೂ ನಾನು ತಪ್ಪಿಸಿಲ್ಲ. ಕಾಲು ಮುರಿದುಕೊಂಡ ವರ್ಷವೂ ವಾಕರ್ ಊರಿಕೊಂಡು ನಿಮ್ಮ ಮೆಟ್ಟಿಲು ಹತ್ತಿದ್ದೇನೆ. ಆದರೆ ಕೈಕೆಲಸದವರಂತೆ ಕಂಪೌಂಡಿನ ಹೊರಗೆ ನಿಲ್ಲುವವನಲ್ಲ ನಾನು. ನೀವು ಮಾತು ವಾಪಸ್ ತೆಗೆದುಕೊಳ್ಳಿ, ನಾನು ತಲೆ ಎತ್ತಿ ಒಳಗೆ ಬಂದು ಅಕ್ಕನನ್ನು ಕರೆದುಕೊಂಡು ಹೋಗುತ್ತೇನೆ. ಇಲ್ಲವಾದರೆ ಅವಳು ಆ ದಿನ ಅಳುವುದಕ್ಕೆ ನೀವೇ ಜವಾಬ್ದಾರರು.

ಶಿವಪ್ರಕಾಶ


ಕುಷಾಯಿಗೂಡ,
೭ ಮೇ ೨೦೨೫

ಶಿವಪ್ರಕಾಶನಿಗೆ,

ನಿನ್ನ ಪ್ರಶ್ನೆಗಳಿಗೆ ಉತ್ತರ ಕೊಡುವ ಅಗತ್ಯ ನನಗಿಲ್ಲ. ಆದರೂ ಕೊಡುತ್ತೇನೆ. ನಿನ್ನ ಕಳ್ಳತನ ಹಿಡಿಯಲು ನಿನ್ನ ಪ್ರಶ್ನೆಗಳೇ ಸಾಕಾದವು.

ಸುಟ್ಟದ್ದು ಹಿಂದಕ್ಕೆ ಬಿಟ್ಟ ರೈಲಿನ ಕಂಟ್ರೋಲರ್. ಒಳಗಿನ ಪವರ್ ಟ್ರಾನ್ಸಿಸ್ಟರ್ ಹೋಗಿತ್ತು. ಹೊಸದು ಹಾಕಿದೆ. ಟೇಬಲ್ಲಿನ ಮೇಲೆ ಒಂದೊಂದನ್ನೇ ಇಟ್ಟು ಪರೀಕ್ಷಿಸಿದೆ. ನಾಬ್ ತಿರುಗಿಸಿದಂತೆ ಸೊನ್ನೆಯಿಂದ ಹನ್ನೆರಡು ವೋಲ್ಟಿನ ತನಕ ಹಾಲು ಏರಿದ ಹಾಗೆ ಏರುತ್ತದೆ. ದಿಕ್ಕು ಬದಲಿಸಿದರೂ ತೊಂದರೆಯಿಲ್ಲ. ಹಳಿಗೆ ಜೋಡಿಸಿ ಒಳಸುತ್ತಿನ ರೈಲು ಓಡಿಸಿದೆ, ಓಡಿತು. ಅದನ್ನು ನಿಲ್ಲಿಸಿ ಹೊರಸುತ್ತಿನದನ್ನು ಓಡಿಸಿದೆ, ಅದೂ ಓಡಿತು. ಎರಡನ್ನೂ ಒಂದೇ ದಿಕ್ಕಿಗೆ ಬಿಟ್ಟೆ, ಓಡಿದವು. ಒಂದರ ದಿಕ್ಕು ಬದಲಿಸಿದೆ, ಕ್ಷಣದಲ್ಲಿ ಟ್ರಾನ್ಸಿಸ್ಟರ್ ಮತ್ತೆ ಸುಟ್ಟಿತು.

ಅಂದರೆ ನನ್ನ ಕಂಟ್ರೋಲರಿನಲ್ಲಿ ದೋಷವಿಲ್ಲ. ದೋಷ ಹಲಗೆಯ ಕೆಳಗಿದೆ. ಹಲಗೆಯ ಕೆಳಗಿನ ತಂತಿಗಳನ್ನೆಲ್ಲ ಎಳೆದವನು ನೀನು. ಎರಡೂ ಸುತ್ತಿನ ಒಳಹಳಿಗಳನ್ನು ಕೂಡಿಸಿ ಒಂದೇ ವಾಪಸು ತಂತಿ ಮಾಡಿದವನೂ ನೀನೇ. "ಭಾವ, ಎರಡೆರಡ ತಂತಿ ಯಾಕ, ಒಂದ ಸಾಕು, ಅರ್ಧಾ ಕೆಲಸ ಉಳೀತದ" ಅಂದದ್ದು ನನಗೆ ನೆನಪಿದೆ. ಬಡಗಿ ಅಂಬಣ್ಣನನ್ನು ಕರೆಸಿ ಇಡೀ ವಾಡಿ ಜಂಕ್ಷನನ್ನು ಮಗುಚಿ ಹಾಕಿಸಿ, ಬೆನ್ನು ನೋಯುವ ತನಕ ಹುಡುಕಿದೆ. ಎಲ್ಲಿ ಏನು ಅಡಗಿಸಿದ್ದೀಯೋ ಸಿಗಲಿಲ್ಲ. ಸಿಗದ ಹಾಗೆ ಮಾಡುವುದರಲ್ಲಿ ನೀನು ಜಾಣ ಎಂದು ಒಪ್ಪುತ್ತೇನೆ.

ಸಂಘದ ಕಾರ್ಯದರ್ಶಿ ಗೋಪಿನಾಥರು ಯುಗಾದಿಯ ದಿನ ಬಂದವರನ್ನೇ ಕಟ್ಟಿಕೊಂಡು ಮತ್ತೊಮ್ಮೆ ನೋಡಲು ಮನೆಗೆ ಬರುತ್ತೇವೆ ಎಂದಿದ್ದಾರೆ. ಅಷ್ಟರಲ್ಲಿ ನಾನು ಅದನ್ನು ಹುಡುಕಿ ಅವರ ಮುಂದೆಯೇ ಎತ್ತಿ ತೋರಿಸುತ್ತೇನೆ. ಆಗ ನೀನು ಯಾರ ಮುಂದೆ ತಲೆ ಎತ್ತುತ್ತೀಯೋ ನೋಡೋಣ.

ಹಣಮಂತರಾಯ


ಕುಷಾಯಿಗೂಡ,
೧೫ ಜೂನ್ ೨೦೨೫

ತಮ್ಮ ಪ್ರಕಾಶನಿಗೆ ಅಕ್ಕ ಶಿವದೇವಿಯ ಆಶೀರ್ವಾದಗಳು.

ಫೋನು ಮಾಡದೆ ಯಾಕೆ ಬರೆದೆ ಎನ್ನಬೇಡ. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡುವುದರೊಳಗೆ ನೀನು ನಿನ್ನ ಭಾವನ ಸುದ್ದಿ ತೆಗೆಯುತ್ತೀ, ನನ್ನ ಮಾತು ನನ್ನಲ್ಲೇ ಉಳಿಯುತ್ತದೆ. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ನಿಮ್ಮಿಬ್ಬರನ್ನು ನೋಡಿಯೇ ಈ ಉಪಾಯ ಕಲಿತೆ.

ನಿನ್ನ ಪತ್ರಗಳನ್ನು ನಾನೇ ಸಹಿ ಹಾಕಿ ತೆಗೆದುಕೊಳ್ಳುತ್ತೇನೆ. ಅವರು ಓದಿ ಟೇಬಲ್ಲಿನ ಮೇಲೆ ಒಗೆದ ಮೇಲೆ ನಾನೂ ಓದುತ್ತೇನೆ. ಪಂಚಮಿಯ ದಿನ ನಾನು ಅಳುತ್ತೇನೆ ಎಂದು ನೀನು ಬರೆದದ್ದನ್ನು ಓದಿ ಸಿಟ್ಟು ಬಂತು. ನಾನು ಅಳುವುದು ನಿಮ್ಮ ಜಗಳಕ್ಕೆ ಒಂದು ಅಂಕ ಆಗುವುದು ನನಗೆ ಬೇಡ.

ಪ್ರಕಾಶ, ಒಂದು ಮಾತು ಬಿಡಿಸಿ ಹೇಳುತ್ತೇನೆ. ನಮ್ಮೂರು ಚಿತ್ತಾಪುರದಲ್ಲಿ ಈಗ ನಮ್ಮದು ಎನ್ನುವುದು ಒಂದು ಮೊಳ ಜಾಗವಿಲ್ಲ. ತಾರ್ನಾಕದ ನಿನ್ನ ಫ್ಲ್ಯಾಟೇ ನನ್ನ ತವರು. ಪಕ್ಕದ ಮನೆಯ ತೆಲುಗಿನವಳು ಪ್ರತಿ ವರ್ಷ ಕೇಳುತ್ತಾಳೆ, "ತಾರ್ನಾಕೇ ಕದಾ ಅಕ್ಕಾ, ಆಟೋಲೋ ಮೀರೇ ವೆಳ್ಳೊಚ್ಚು ಕದಾ?" ಎಂದು. ಆಟೋ ಹತ್ತಿ ನಾನೇ ಹೋಗಬಹುದು, ನಿಜ. ಸಂತೆಗೆ ಹೋದಂತೆ ಹೋಗಬಹುದು. ಆದರೆ ಕರೆಯಲು ಒಬ್ಬ ಬರುತ್ತಾನೆ, ಖಣ ಕೊಟ್ಟು "ನಡಿ ಅಕ್ಕಾ" ಅನ್ನುತ್ತಾನೆ ಎನ್ನುವುದು ಇದೆಯಲ್ಲ, ವರ್ಷದ ಎರಡು ದಿನ ನಾನು ಯಾರ ಹೆಂಡತಿಯೂ ಯಾರ ತಾಯಿಯೂ ಅಲ್ಲದೆ ನಮ್ಮಪ್ಪನ ಮಗಳಾಗಿರುವುದು ಅದರಿಂದಲೇ. ಅದನ್ನು ಅವಳಿಗೆ ತೆಲುಗಿನಲ್ಲಿ ಹೇಳಲು ನನಗೆ ಬರಲಿಲ್ಲ. ನಿನಗೆ ಕನ್ನಡದಲ್ಲಿ ಹೇಳಬೇಕಾಗಿ ಬಂದದ್ದು ಅದಕ್ಕಿಂತ ಕಷ್ಟವಾಗಿದೆ.

ನಿನ್ನ ಭಾವನೂ ಸುಖದಲ್ಲೇನೂ ಇಲ್ಲ. ನೀನು ನಿನ್ನ ಕರಿ ಟ್ರಾನ್ಸ್‌ಫಾರ್ಮರ್ ಒಯ್ದ ಮಾರನೆಯ ದಿನವೇ, ಉಳಿದಿದ್ದ ಇನ್ನೊಂದನ್ನೂ ಕಿತ್ತು ಅಟ್ಟಕ್ಕೆ ಹಾಕಿದರು. ಕೋಠಿ ಮಾರ್ಕೆಟ್ಟಿಗೆ ಹೋಗಿ ಅಂಗಡಿಯ ಲೈಟಿನ ಬೋರ್ಡುಗಳಿಗೆ ಹಾಕುವ ತೂತುತೂತಿನ ಬಿಳಿ ಡಬ್ಬಿಯೊಂದನ್ನು ತಂದರು. "ಇದು ಒಂದ ಎರಡಕ್ಕೂ ಸಾಕು, ಇನ್ನ ಯಾರ ಹಂಗೂ ಬ್ಯಾಡ" ಎಂದು ನನಗೆ ಕೇಳುವ ಹಾಗೆ ಹೇಳಿದರು. ಅಂದಿನಿಂದ ಒಬ್ಬರೇ ಮೇಲೆ ಕೂತು ಒಮ್ಮೆ ಈ ರೈಲು, ಒಮ್ಮೆ ಆ ರೈಲು ಓಡಿಸುತ್ತಾರೆ. ಮೊದಲು ನೀವಿಬ್ಬರೂ "ಬಿಡ ಬಿಡ", "ತಡಿ ತಡಿ" ಎಂದು ಕೂಗಾಡುವುದು ಅಡಿಗೆಮನೆಗೆ ಕೇಳುತ್ತಿತ್ತು. ಈಗ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಈ ಮನುಷ್ಯನಿಗೆ ನಿನ್ನನ್ನು ಕಂಡರೆ ದ್ವೇಷ ಎಂದು ನನಗೆ ಅನಿಸುವುದಿಲ್ಲ. ನೀನು ಬಂದು ಬಿಡು. ಬೈದರೆ ನನ್ನ ಸಲುವಾಗಿ ಬೈಸಿಕೋ.

ಪಂಚಮಿ ಜುಲೈ ೨೯, ಮಂಗಳವಾರ. ವಿಜಯಶ್ರೀಗೆ ನೆನಪು ತಿಳಿಸು.

ನಿನ್ನ ಅಕ್ಕ,
ಶಿವದೇವಿ


ತಾರ್ನಾಕ,
೨೪ ಜೂನ್ ೨೦೨೫

ಶ್ರೀ ಹಣಮಂತರಾಯರಿಗೆ,

ಸಿಕ್ಕಿಬಿದ್ದಿರಿ!

ಬಿಳಿ ಡಬ್ಬಿಯ ಸಂಗತಿಯನ್ನು ನಿಮ್ಮ ಪತ್ರದಲ್ಲಿ ಯಾಕೆ ಬರೆಯಲಿಲ್ಲ? ಟ್ರಾನ್ಸಿಸ್ಟರಿನ ಸಂಗತಿ ಬರೆದಿರಿ, ನಾಬಿನ ಸಂಗತಿ ಬರೆದಿರಿ, ಅಂಬಣ್ಣನ ಸಂಗತಿ ಕೂಡ ಬರೆದಿರಿ. ಎರಡು ಕಂಟ್ರೋಲರುಗಳಿಗೆ ಕರೆಂಟು ಎಲ್ಲಿಂದ ಬರುತ್ತದೆ ಎನ್ನುವುದನ್ನು ಮಾತ್ರ ಬಿಟ್ಟಿರಿ. ಅಕ್ಕನ ಪತ್ರ ಬಂದಿರದಿದ್ದರೆ ನಾನು ಸಾಯುವ ತನಕ ಕಳ್ಳನಾಗಿಯೇ ಇರುತ್ತಿದ್ದೆ.

ಕೇಳಿ, ನಿಮಗೆ ಅರ್ಥವಾಗುವ ಹಾಗೆ ಬರೆಯುತ್ತೇನೆ. ಎರಡು ಕಂಟ್ರೋಲರುಗಳಿಗೆ ಒಂದೇ ವಾಪಸು ತಂತಿ ಇದ್ದರೆ ಅವುಗಳ ಮೂಲ ಬೇರೆ ಬೇರೆ ಇರಲೇಬೇಕು. ನನ್ನದೊಂದು ಟ್ರಾನ್ಸ್‌ಫಾರ್ಮರ್, ನಿಮ್ಮದೊಂದು ಟ್ರಾನ್ಸ್‌ಫಾರ್ಮರ್ ಇದ್ದಾಗ ಹಾಗೇ ಇತ್ತು. ಒಂದರ ಕರೆಂಟಿಗೂ ಇನ್ನೊಂದರ ಕರೆಂಟಿಗೂ ಸಂಬಂಧವಿರಲಿಲ್ಲ, ಆದ್ದರಿಂದ ತಂತಿ ಹಂಚಿಕೊಂಡರೂ ಜಗಳವಿರಲಿಲ್ಲ. ನೀವು ಎರಡನ್ನೂ ಒಂದೇ ಡಬ್ಬಿಗೆ ಕಟ್ಟಿದಿರಿ. ರೈಲು ಮುಂದಕ್ಕೆ ಹೋಗುವಾಗ ಡಬ್ಬಿಯ ಮೈನಸ್ ಆ ವಾಪಸು ತಂತಿಗೆ ಸೇರುತ್ತದೆ. ಇನ್ನೊಂದನ್ನು ಹಿಂದಕ್ಕೆ ಬಿಟ್ಟರೆ ಅದೇ ಡಬ್ಬಿಯ ಪ್ಲಸ್ ಬಂದು ಅದೇ ತಂತಿಗೆ ಸೇರುತ್ತದೆ. ಪ್ಲಸ್ಸು ಮೈನಸ್ಸು ನೇರ ಕೂಡಿದರೆ ಏನಾಗುತ್ತದೆ ಎಂದು ನಿಮ್ಮ ಕಾರ್ಖಾನೆಯಲ್ಲಿ ಹೇಳಿಕೊಟ್ಟಿರಬೇಕು. ಹಿಂದಕ್ಕೆ ಬಿಟ್ಟ ರೈಲಿನ ಟ್ರಾನ್ಸಿಸ್ಟರ್ ಆ ಇಡೀ ಬೆಂಕಿಯನ್ನು ಹೊಟ್ಟೆಯಲ್ಲಿ ಹಾಕಿಕೊಂಡು ಸಾಯುತ್ತದೆ. ಎರಡೂ ಒಂದೇ ದಿಕ್ಕಿಗೆ ಓಡಿದರೆ ಏನೂ ಆಗುವುದಿಲ್ಲ. ಒಂದೇ ರೈಲು ಓಡಿದರೂ ಏನೂ ಆಗುವುದಿಲ್ಲ.

ಯುಗಾದಿಯ ಮೊದಲು ಮನೆಯಲ್ಲಿ ಇದು ನಿಮ್ಮ ಕಣ್ಣಿಗೆ ಯಾಕೆ ಬೀಳಲಿಲ್ಲ, ಅದನ್ನೂ ಹೇಳುತ್ತೇನೆ. ಎರಡನೆಯ ನಾಬ್ ತಿರುಗಿಸಲು ನಿಮ್ಮ ಪಕ್ಕದಲ್ಲಿ ಯಾರೂ ಇರಲಿಲ್ಲ. ಐದು ತಿಂಗಳು ಒಬ್ಬರೇ ಕೂತು ಒಂದೊಂದೇ ರೈಲು ಓಡಿಸಿದಿರಿ. ಜೊತೆಗಿದ್ದವನನ್ನು ಓಡಿಸಿದವರಿಗೆ ಬೇರೇನು ಗತಿ?

ಅಟ್ಟದ ಮೇಲಿನ ಟ್ರಾನ್ಸ್‌ಫಾರ್ಮರ್ ಇಳಿಸಿ, ಅಂಥದ್ದೇ ಇನ್ನೊಂದನ್ನು ತನ್ನಿ, ಸುತ್ತಿಗೊಂದರಂತೆ ಕಟ್ಟಿ. ಓಡದಿದ್ದರೆ ನನ್ನನ್ನು ಕಳ್ಳ ಎನ್ನಿ. ಓಡಿದರೆ ಪಂಚಮಿಯ ಮೊದಲು ಸಂಘದವರ ಮುಂದೆ ನಿಮ್ಮ ಮಾತನ್ನು ನುಂಗಿ. ಗೆದ್ದವನು ನಾನು. ಕಾಯುತ್ತಿದ್ದೇನೆ.

ಶಿವಪ್ರಕಾಶ


ಕುಷಾಯಿಗೂಡ,
೧೧ ಜುಲೈ ೨೦೨೫

ಶಿವಪ್ರಕಾಶನಿಗೆ,

ಎರಡು ಬೇರೆ ಟ್ರಾನ್ಸ್‌ಫಾರ್ಮರ್ ಕಟ್ಟಿದೆ. ಓಡುತ್ತಿವೆ.

ಇದರಿಂದ ನೀನು ಸಾಚಾ ಎಂದು ಸಾಬೀತಾಗುವುದಿಲ್ಲ. ನಿನ್ನ ಟ್ರಾನ್ಸ್‌ಫಾರ್ಮರನ್ನು ಕಿತ್ತುಕೊಂಡು ಹೋಗಿರದಿದ್ದರೆ ನಾನು ಬಿಳಿ ಡಬ್ಬಿ ತರುತ್ತಿರಲಿಲ್ಲ, ಟ್ರಾನ್ಸಿಸ್ಟರ್ ಸುಡುತ್ತಿರಲಿಲ್ಲ. ಅದನ್ನು ಕಿತ್ತ ಕೈ ಯಾರದು? ನಾನು ಮೈಕಿನಲ್ಲಿ ಹೇಳಿದ್ದರಲ್ಲಿ ಸುಳ್ಳೇನಿದೆ? ವಾಪಸು ತಂತಿಯ ಗುಟ್ಟನ್ನು ಹೋಗುವಾಗ ಒಂದು ಮಾತು ಹೇಳಿ ಹೋಗಬಹುದಿತ್ತು. ಹೇಳಲಿಲ್ಲ. ನಾನು ಸುಟ್ಟುಕೊಳ್ಳಲಿ ಎಂದೇ ಹೇಳಲಿಲ್ಲ.

ಗೋಪಿನಾಥರೂ ಸಂಘದವರೂ ೨೯ರಂದು ಸಾಯಂಕಾಲ ಮನೆಗೆ ಬರುತ್ತಿದ್ದಾರೆ. ಪಂಚಮಿ ಎಂದು ನಿನ್ನ ಅಕ್ಕ ತಕರಾರು ತೆಗೆದಳು. ಹಬ್ಬದ ದಿನ ನಾಲ್ಕು ಜನ ಬಂದರೆ ಮನೆಗೆ ಕಳೆ ಎಂದೆ.

ಗೇಟಿನ ಮಾತು ಬದಲಾಗಿಲ್ಲ.

ಹಣಮಂತರಾಯ


ತಾರ್ನಾಕ,
೧೭ ಜುಲೈ ೨೦೨೫

ಶ್ರೀ ಹಣಮಂತರಾಯರಿಗೆ,

ನಿಮಗೆ ನಾಚಿಕೆಯಿಲ್ಲ ಎನ್ನುವುದೊಂದು ಗೊತ್ತಾಯಿತು. ನನ್ನ ಬುದ್ಧಿಯಿಂದ ರೈಲು ಓಡಿಸಿ, ನನ್ನನ್ನೇ ಕಳ್ಳನನ್ನಾಗಿ ಉಳಿಸಿಕೊಂಡಿರಿ. ಹಾಗಿದ್ದರೆ ಈ ವರ್ಷ ನಾನು ಬರುವುದಿಲ್ಲ. ಮಾತು ವಾಪಸ್ ಬರುವ ತನಕ ಮುಂದಿನ ವರ್ಷವೂ ಬರುವುದಿಲ್ಲ. ಅಕ್ಕನಿಗೆ ನೀವೇ ಹೇಳಿ, ಯಾಕೆ ಎನ್ನುವುದನ್ನೂ ಸೇರಿಸಿ ಹೇಳಿ.

ಶಿವಪ್ರಕಾಶ


ಕುಷಾಯಿಗೂಡ,
೩೧ ಜುಲೈ ೨೦೨೫

ಪ್ರಕಾಶನಿಗೆ,

ನಿನಗೆ ಬೇಕಾದದ್ದು ಸಿಕ್ಕಿದೆ. ಅದನ್ನು ಮೊದಲು ತಿಳಿಸಿಬಿಡುತ್ತೇನೆ.

ಮೊನ್ನೆ ಮಂಗಳವಾರ ಸಾಯಂಕಾಲ ಗೋಪಿನಾಥರು ಸಂಘದವರನ್ನು ಕರೆದುಕೊಂಡು ಬಂದರು. ಯುಗಾದಿಯ ದಿನ ಮುಂದಿನ ಸಾಲಿನಲ್ಲಿ ಕೂತಿದ್ದವರೆಲ್ಲ ಇದ್ದರು. ಒಬ್ಬ ಹೊಸಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿನ್ನ ಭಾವ ಎರಡೂ ರೈಲು ಬಿಟ್ಟರು. ವಾಡಿಯಲ್ಲಿ ಎರಡೂ ಎದುರುಬದುರು ದಾಟಿದವು. ಎಲ್ಲರೂ ಚಪ್ಪಾಳೆ ಹೊಡೆದರು. ಗೋಪಿನಾಥರು, "ಅಂತೂ ನಿಮ್ಮ ಭಾವಮೈದ ಕೆಡಿಸಿದ್ದನ್ನ ಹುಡುಕಿ ತೆಗೆದ್ರಲ್ಲರಿ, ಭಲೇ" ಎಂದರು. ಇವರು "ಅನುಭವರಿ, ಅನುಭವ" ಎಂದು ನಕ್ಕರು.

ನಾನು ಉಂಡಿಯ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮದುವೆಯಾಗಿ ಬಂದಾಗಿನಿಂದ ಹೊರಗಿನವರ ಮುಂದೆ ಇವರ ಮಾತಿಗೆ ಎದುರು ಮಾತಾಡಿದವಳಲ್ಲ ನಾನು. ತಾಟು ಕೆಳಗಿಟ್ಟೆ. "ಅವ ಏನೂ ಕೆಡಿಸಿದ್ದಿಲ್ಲರಿ. ಎರಡ ಡಬ್ಬಿ ಬೇಕಾದಲ್ಲಿ ಇವರ ಒಂದ ಡಬ್ಬಿ ಹಾಕಿದ್ರು. ಅದನ್ನ ಅಲ್ಲಿ ಕುಂತ ಹುಡುಕಿ ಬರದ ಕಳಿಸಿದಾವನೂ ಅವನ. ನನ್ನ ತಮ್ಮ ಅಂಥಾವ ಅಲ್ಲ, ಇಷ್ಟೂ ಮಂದಿ ಕೇಳ್ರಿ" ಎಂದೆ. ನಿನ್ನ ಭಾವ ನಾಬ್ ತಿರುಗಿಸಿ ರೈಲು ನಿಲ್ಲಿಸಿದರು. ಬಂದವರು ಉಂಡಿ ತಿಂದು, ಚಪ್ಪಲಿ ಹುಡುಕಿಕೊಂಡು ಹೋದರು.

ಮೈಕ್ ಇರಲಿಲ್ಲ, ಅದೊಂದೇ ಕೊರತೆ. ನಿನ್ನ ಹೆಸರು ಈಗ ತೊಳೆದಿಟ್ಟ ಹಾಗಿದೆ. ಇನ್ನು ಯಾವ ಹಾಲಿನಲ್ಲಿ ಬೇಕಾದರೂ ಮುಂದಿನ ಸಾಲಿನಲ್ಲಿ ಹೋಗಿ ಕೂತುಕೋ.

ಈಗ ನನ್ನದು ಕೇಳು.

ಭಾನುವಾರವೇ ನಾನು ಬ್ಯಾಗಿನಲ್ಲಿ ಎರಡು ಸೀರೆ ಇಟ್ಟುಕೊಂಡಿದ್ದೆ. ಬರುವುದಿಲ್ಲ ಎಂದು ನೀನು ಬರೆದದ್ದನ್ನು ಓದಿದ್ದೆ, ಆದರೂ ಇಟ್ಟುಕೊಂಡಿದ್ದೆ. ಸಿಟ್ಟಿನಲ್ಲಿ ಬರೆದಿದ್ದಾನೆ, ಬೆಳಗಾದರೆ ಬರುತ್ತಾನೆ ಎಂದುಕೊಂಡೆ. ಸೋಮವಾರವಿಡೀ ರೊಟ್ಟಿ ಬಡಿಯುತ್ತ ಕಿವಿ ರಸ್ತೆಯ ಮೇಲೆ ಇಟ್ಟಿದ್ದೆ. ಮಂಗಳವಾರ ಬೆಳಿಗ್ಗೆ ನನ್ನ ಮುಖ ನೋಡಿ ನಿನ್ನ ಭಾವನೇ ಕೇಳಿದ್ದು, "ಹೋಗಬೇಕಂದ್ರ ನಡಿ, ನಾ ಅವರ ಬಿಲ್ಡಿಂಗ್ ತನಕ ಬಿಟ್ಟ ಬರ್ತೀನಿ" ಎಂದು. ಬೇಡ ಎಂದೆ. ಗಂಡ ಸ್ಕೂಟರಿನ ಮೇಲೆ ಬಿಟ್ಟು ಬಂದರೆ ಅದು ತವರಿಗೆ ಹೋದ ಹಾಗಲ್ಲ, ಆಸ್ಪತ್ರೆಗೆ ಹೋದ ಹಾಗೆ. ಅವರು ಮತ್ತೆ ಕೇಳಲಿಲ್ಲ.

ಅವರು ನಿನಗೆ ಗೇಟು ದಾಟಬೇಡ ಎಂದರು. ಗೇಟು ಅವರದು. ಗೇಟಿನ ಹೊರಗಿನ ರಸ್ತೆ ಅವರದಲ್ಲ, ಕಾರ್ಪೊರೇಷನ್ನಿನದು. ಆಟೋದಿಂದ ಇಳಿಯದೆ ಕೂತು ಒಂದು ಸಲ ಹಾರ್ನ್ ಹೊಡೆಸಿದ್ದರೆ ಸಾಕಿತ್ತು. ನಾನು ಬ್ಯಾಗು ಹಿಡಿದು ನಾನಾಗಿಯೇ ಬಂದು ಹತ್ತುತ್ತಿದ್ದೆ. ನಿನ್ನ ಮಾನಕ್ಕೂ ಧಕ್ಕೆಯಿರಲಿಲ್ಲ, ಅವರ ಮಾತಿಗೂ ಧಕ್ಕೆಯಿರಲಿಲ್ಲ. ಇಂಥ ದಾರಿಯೊಂದಿದೆ ಎಂದು ನಿನಗೆ ಹೊಳೆಯಲಿಲ್ಲ. ಹಲಗೆಯ ಕೆಳಗೆ ಕಾಣದ ತಂತಿಯಲ್ಲಿ ಏನಾಗಿದೆ ಎಂದು ತಾರ್ನಾಕದಲ್ಲಿ ಕೂತು ಹೇಳಿದವನಿಗೆ ಇದು ಹೊಳೆಯಲಿಲ್ಲ.

ಜೂನ್ ತಿಂಗಳಲ್ಲಿ ನಾನು ನಿನಗೆ ಒಂದು ಪತ್ರ ಬರೆದೆ. ಯಾರಿಗೂ ಹೇಳದ್ದನ್ನು ಅದರಲ್ಲಿ ಹೇಳಿದೆ. ನಿನಗೆ ಅದರಲ್ಲಿ ಬಿಳಿ ಡಬ್ಬಿಯೊಂದೇ ಕಂಡಿತು. ಅದನ್ನು ಎತ್ತಿಕೊಂಡು ಸೀದಾ ಅವರಿಗೆ ಉತ್ತರ ಬರೆದೆ. ನನಗೆ ಒಂದು ಸಾಲು ಬರೆಯಲಿಲ್ಲ. ಅವರು ನಿನ್ನನ್ನು ಕಳ್ಳ ಎಂದದ್ದು ಸುಳ್ಳು ಎಂದು ನಾನು ಅಷ್ಟು ಜನರ ಮುಂದೆ ಹೇಳಿದೆ. ನೀನು ನನಗೆ ಮಾಡಿದ್ದನ್ನು ಯಾರ ಮುಂದೆ ಹೇಳಲಿ? ಅದು ಸುಳ್ಳಲ್ಲವಲ್ಲ.

ಹುತ್ತಕ್ಕೆ ಹಾಲು ಎರೆಯುವಾಗ ಪ್ರತಿ ವರ್ಷ ಅನ್ನುವಂತೆ ಅಪ್ಪನ ಪಾಲು, ಅವ್ವನ ಪಾಲು, ತಮ್ಮನ ಪಾಲು ಎಂದು ಎರೆದಿದ್ದೇನೆ. ನಿನ್ನ ಪಾಲು ತಪ್ಪಿಸಿಲ್ಲ. ನೀನು ಚೆನ್ನಾಗಿರು, ವಿಜಯಶ್ರೀ ಚೆನ್ನಾಗಿರಲಿ.

ಈ ಪತ್ರ ಓದಿದ ಮೇಲೆ ನೀನು ಓಡಿ ಬರುತ್ತೀ ಎಂದು ನನಗೆ ಗೊತ್ತಿದೆ. ಇನ್ನು ಗೇಟಿಗೆ ಅಡ್ಡಿಯಿಲ್ಲ. "ಬರೂದಿದ್ರ ಬರ್ಲಿ" ಎಂದು ನಿನ್ನೆ ನಿನ್ನ ಭಾವನೇ ಗೋಡೆಯ ಕಡೆ ಮುಖ ಮಾಡಿ ಹೇಳಿದ್ದಾರೆ. ನೀವಿಬ್ಬರೂ ಮೇಲೆ ಹೋಗಿ ನಿಮ್ಮ ರೈಲು ಓಡಿಸಿಕೊಳ್ಳಿ, ನನ್ನ ಅಡ್ಡಿಯೂ ಇಲ್ಲ. ಆದರೆ ಪಂಚಮಿಗೆ ಮಾತ್ರ ಇನ್ನು ಬರಬೇಡ. ಮುಂದಿನ ವರ್ಷವೂ ಬೇಡ, ಅದರ ಮುಂದಿನ ವರ್ಷವೂ ಬೇಡ. ಬೇರೆ ಯಾವ ದಿನವಾದರೂ ಬಾ. ಬೀಗರು ಬರುವ ಹಾಗೆ ಮೊದಲೇ ಫೋನು ಮಾಡಿ ಬಾ. ಅಡಿಗೆ ಮಾಡಿಟ್ಟಿರುತ್ತೇನೆ.

ಶಿವದೇವಿ